ಬೂದಿ ಸೀರೆಯವಳು ಹಾಸಿಗೆಯ ಹತ್ತಿರ ಬಂದಾಗ

೧೯೬೧ರ ಆಟಿ ತಿಂಗಳು, ಜಡಿಮಳೆಯ ಕಾಲ. ನನಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ಮದುವೆಯಾಗಿ ಕೋಡಿಂಬಾಳದ ಗಂಡನ ಮನೆಗೆ ಬಂದು ಎರಡನೇ ಮಳೆಗಾಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಆದರೆ ಸುಳ್ಯದ ಕಡೆಯ ನನ್ನ ತವರಿನಲ್ಲಿ ಅಮ್ಮ ತೀರಿಹೋಗಿ ವರ್ಷಗಳಾಗಿದ್ದವು, ಅಪ್ಪ ಒಬ್ಬರೇ ಇದ್ದರು. "ಗಂಡಸು ಎಂತ ಬಾಣಂತನ ಮಾಡುದು? ಇಲ್ಲೇ ಆಗಲಿ" ಎಂದು ಅತ್ತೆ ನನ್ನನ್ನು ಇಲ್ಲೇ ಉಳಿಸಿಕೊಂಡರು. ಅತ್ತೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವಾಗ ನಿಮಗೆ ಬೇರೆ ತೋರಬಹುದು.

ಹೆರಿಗೆ ಮನೆಯಲ್ಲೇ ಆಯಿತು. ಹೆಣ್ಣು ಮಗು, ಮೈಕೈ ತುಂಬಿಕೊಂಡ ಕೂಸು. ಅದು ಅಳಲು ಶುರುಮಾಡಿದರೆ ಹಟ್ಟಿಯ ದನಗಳೂ ತಲೆ ಎತ್ತಿ ನೋಡುತ್ತಿದ್ದವು. "ತಾಯಿಯ ಬಾಯಿಯೇ ಬಂದದ್ದು" ಎಂದು ಸೂಲಗಿತ್ತಿ ನಕ್ಕಳು. ನನ್ನ ಬಾಯಿ ಜೋರು ಎಂಬುದು ಊರಿಗೇ ಗೊತ್ತಿದ್ದ ವಿಷಯ. ಸ್ವಂತ ಮದುವೆಯ ಚಪ್ಪರದಲ್ಲೇ, ನನ್ನ ತವರಿನವರಿಗೆ ಊಟಕ್ಕೆ ಎಲೆ ಹಾಕಲು ತಡಮಾಡಿದರೆಂದು ಜಗಳ ತೆಗೆದವಳು ನಾನು. ಈಗಲೂ ಸೊಸೆಯಂದಿರು ನನ್ನ ಸ್ವರ ಕೇಳಿದರೆ ಒಲೆಯ ಹತ್ತಿರ ಸರಿಯುತ್ತಾರೆ.

ಕೆಲವೇ ದಿನಗಳಲ್ಲಿ ನನಗೆ ಚಳಿಜ್ವರ ಹಿಡಿಯಿತು. ಬಾಣಂತಿ ಸನ್ನಿ ಎಂದರು. ಕಷಾಯ ಕುಡಿಸಿದರು, ಮಂತ್ರಿಸಿದ ನೂಲು ಕಟ್ಟಿಸಿದರು, ಹರಕೆ ಹೇಳಿದರು. ಜ್ವರ ಜಗ್ಗಲಿಲ್ಲ. ಮೈಯೆಲ್ಲ ವಾಸನೆ, ಬಾಯಿಗೆ ಬಂದ ಹಾಗೆ ಮಾತು. ಎದೆಯ ಹಾಲು ಬತ್ತಿಹೋಯಿತು. ಕೊನೆಗೆ ಕಂಬಳಿಯಲ್ಲಿ ಕಟ್ಟಿ, ಬಿದಿರಿಗೆ ನೇತುಹಾಕಿ ಹೊತ್ತು, ಕುಮಾರಧಾರೆ ಹೊಳೆಯ ಕಡವಿನಲ್ಲಿ ದೋಣಿ ದಾಟಿಸಿ, ಆಚೆ ಬದಿಯಿಂದ ಬಾಡಿಗೆ ಕಾರಿನಲ್ಲಿ ಪುತ್ತೂರಿನ ಒಂದು ಆಸ್ಪತ್ರೆಗೆ ಸೇರಿಸಿದರು. ಜೊತೆಗೆ ಅತ್ತೆ, ನನ್ನವರು ಮತ್ತು ಮಗು. ಆಸ್ಪತ್ರೆಯ ಹೆಸರು ಬೇಡ, ಆ ಕಟ್ಟಡವೇ ಈಗ ಇಲ್ಲ.

ಅಲ್ಲಿಗೆ ಹೊಸದಾಗಿ ಒಬ್ಬ ದೊಡ್ಡ ಡಾಕ್ಟರು ಬಂದಿದ್ದರು. ಯಾವುದೋ ದೊಡ್ಡ ಪೇಟೆಯ ಆಸ್ಪತ್ರೆಯಲ್ಲಿ ಇದ್ದು ಬಂದವರಂತೆ. ಇಲ್ಲಿ ನೋಡಿದರೆ ಜನ ಗುಡಿಸುವವಳ ಕಾಲು ಹಿಡಿದು "ಅಮ್ಮಾ, ಒಂದು ಇಂಜೆಕ್ಷನ್ ಕೊಡಿ" ಎನ್ನುತ್ತಿದ್ದರು, ನರ್ಸನ್ನು ಕರೆದು "ಏ, ಈ ಚೊಂಬು ತೊಳಿ" ಎನ್ನುತ್ತಿದ್ದರು. ಬೋರ್ಡು ಬರೆದು ಹಾಕಿದರೆ ಓದುವವರು ಯಾರು? ತುಳು, ಅರೆಭಾಷೆ, ಬ್ಯಾರಿ, ಮಲಯಾಳ ಎಂದು ಒಬ್ಬೊಬ್ಬರದು ಒಂದೊಂದು ಮಾತು, ಅರ್ಧಕ್ಕರ್ಧ ಜನರಿಗೆ ಅಕ್ಷರ ಬಾರದು. ಹಾಗಾಗಿ ಡಾಕ್ಟರು ಬಣ್ಣ ಹಂಚಿದರು. ನರ್ಸುಗಳಿಗೆ ಬಿಳಿ ಸೀರೆ. ಮಗುವನ್ನು ಮೀಯಿಸುವ, ಗಂಜಿ ಕುಡಿಸುವ ಆಯಾಗಳಿಗೆ ನೀಲಿ ಸೀರೆ. ಗುಡಿಸಿ ತೊಳೆಯುವವರಿಗೆ ಬೂದಿ ಬಣ್ಣದ ಸೀರೆ. ಬಣ್ಣ ನೋಡಿದರೆ ಯಾರು ಎಂತ ಮಾಡುವವರು ಎಂದು ಎಂಥವರಿಗೂ ತಿಳಿಯಬೇಕು ಎಂಬುದು ಅವರ ಲೆಕ್ಕ.

ಅತ್ತೆ ಮೊದಲ ದಿನ ಬಿಳಿ ಸೀರೆಯ ನರ್ಸುಗಳನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡಿದ್ದರು. "ಪಾಪ, ಇಷ್ಟು ಸಣ್ಣ ಪ್ರಾಯದವರಿಗೆಲ್ಲ ಗಂಡ ಸತ್ತದ್ದಾ ಮಾರಾಯ್ತಿ?" ಎಂದು ಪಕ್ಕದ ಹಾಸಿಗೆಯವರನ್ನು ಕೇಳಿದರು. ಪಕ್ಕದ ಹಾಸಿಗೆಯಲ್ಲಿದ್ದವರು ಈಶ್ವರಮಂಗಲದ ಬೀಫಾತುಮ್ಮ. ಅವರ ಗಂಡನಿಗೆ ಅಲ್ಲಿ ಜೀನಸಿನ ಅಂಗಡಿ. ಆಪರೇಷನ್ ಮಾಡಿ ಹೆರಿಗೆಯಾಗಿತ್ತು, ಗಂಡು ಮಗು. ನಗಬಾರದು, ಹೊಟ್ಟೆಗೆ ಹೊಲಿಗೆ ಉಂಟು ಎಂದು ಗೊತ್ತಿದ್ದೂ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೆ ಹಾಲು ಧಾರಾಳ ಇತ್ತು. ನನ್ನ ಮಗು ಹಸಿದು ಕಿರುಚುವುದನ್ನು ನೋಡಲಾರದೆ, "ಇತ್ತ ಕೊಡಿ, ಒಂದು ಬದಿ ಇವನಿಗೆ, ಒಂದು ಬದಿ ಅವಳಿಗೆ" ಎಂದು ತಾವೇ ಕರೆದು ಕುಡಿಸಲು ಶುರುಮಾಡಿದರು. ನನ್ನ ಮಗು ಆ ಆಸ್ಪತ್ರೆಯಲ್ಲಿ ಬದುಕಿದ್ದು ಬೀಫಾತುಮ್ಮನ ಹಾಲಿನಲ್ಲಿ. ಅದರಲ್ಲಿ ಎರಡು ಮಾತಿಲ್ಲ.

ಬೂದಿ ಸೀರೆಯವರಿಗೆ ಇನ್ನೊಂದು ಕೆಲಸವೂ ಇತ್ತು. ಯಾರಾದರೂ ತೀರಿಕೊಂಡರೆ ಮೈ ತೊಳೆದು, ಬಟ್ಟೆ ಸುತ್ತಿ, ಸ್ಟ್ರೆಚರಿನಲ್ಲಿ ಹಿಂದಿನ ಕೋಣೆಗೆ ಸಾಗಿಸುವುದು. ಗುಡಿಸುವುದು, ಒರೆಸುವುದು, ರೋಗಿಗಳ ಮಲಮೂತ್ರ ತೆಗೆಯುವುದು ಎಲ್ಲ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಮುಗಿಯಬೇಕು. ಗಂಟೆ ಹೊಡೆದ ಮೇಲೆ, ರಾತ್ರಿ ಹೊರಗಿನ ಜಗಲಿಯಲ್ಲಿ ಮಲಗಿದ ಮನೆಯವರನ್ನೆಲ್ಲ ಒಳಗೆ ಬಿಡುತ್ತಿದ್ದರು. ಆಮೇಲೆ ಬೂದಿ ಸೀರೆಯವರು ವಾರ್ಡಿಗೆ ಕಾಲಿಡಬಾರದು ಎಂದು ಕಟ್ಟಪ್ಪಣೆ. ಹಾಗಾದರೆ ಮನೆಯವರ ಕಣ್ಣಿಗೆ ಅವರು ವಾರ್ಡಿನೊಳಗೆ ಬೀಳುವುದು ಯಾವಾಗ? ಯಾರಾದರೂ ಸತ್ತಾಗ ಮಾತ್ರ. ಬೂದಿ ಸೀರೆ ಬಾಗಿಲಲ್ಲಿ ಕಂಡರೆ ಸಾಕು, ಇಡೀ ವಾರ್ಡು ಮಾತು ನಿಲ್ಲಿಸಿ ಅದು ಯಾವ ಹಾಸಿಗೆಗೆ ಹೋಗುತ್ತದೆ ಎಂದು ನೋಡುತ್ತಿತ್ತು. ಡಾಕ್ಟರು ಗುಡಿಸುವವರಿಗೆ ಕೊಟ್ಟ ಬಣ್ಣವನ್ನು ನಮ್ಮ ಜನ ಯಮನಿಗೆ ಕೊಟ್ಟಿದ್ದರು.

ನಮ್ಮ ವಾರ್ಡಿನ ಬೂದಿ ಸೀರೆಯವಳ ಹೆಸರು ಚನಿಯಾರು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು, ತೆಳ್ಳಗೆ, ಎಲೆಯಡಿಕೆ ತಿಂದು ಕೆಂಪಾದ ಬಾಯಿ. ಮೊದಲ ದಿನ ಬೆಳಿಗ್ಗೆ ನನ್ನ ಬಟ್ಟೆಗಳನ್ನು ಅವಳು ತೆಗೆಯುವಾಗ ನಾಚಿಕೆಯಿಂದ ನನಗೆ ಅಳು ಬಂತು. ಅಷ್ಟು ಗಲೀಜು. ಅವಳು ತುಳುವಿನಲ್ಲಿ "ಪೋಡ್ಯೊಡ್ಚಿ ಅಮ್ಮಾ", ಹೆದರಬೇಡಿ ಎಂದಳು. "ಇದೆಲ್ಲ ನೀರಿಗೆ ಹಾಕಿದರೆ ಹೋಗ್ತದೆ. ನೀವು ಹೋಗದಿದ್ದರೆ ಸಾಕು." ಆಮೇಲೆ ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತು. ಮಗುವನ್ನು ನೋಡುವುದೆಂದರೆ ಅವಳಿಗೆ ಎಲ್ಲಿಲ್ಲದ ಆಸೆ. "ಎತ್ತಿಕೋ" ಎಂದರೆ, "ಬೇಡ, ಯಾರಾದರೂ ನೋಡಿದರೆ ನನಗೆ ಬೈಗಳ" ಎಂದು ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ದೂರ ನಿಲ್ಲುತ್ತಿದ್ದಳು.

ಪೆನ್ಸಿಲಿನ್ ಚುಚ್ಚಿ ಚುಚ್ಚಿ ನನ್ನ ಸೊಂಟ ಕಲ್ಲಾಯಿತು. ಜ್ವರ ಏರಿ, ಏರಿ, ಒಂದು ದಿನ ಬೆಳಗಿನ ಜಾವ ಧಾರಾಕಾರ ಬೆವರು ಬಿಟ್ಟು ಇಳಿಯಿತು. ಮೈ ತಣ್ಣಗಾಯಿತು. ಕೈ ಎತ್ತಲು ತ್ರಾಣ ಇಲ್ಲ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಎಲ್ಲ ಕೇಳುತ್ತಿತ್ತು, ಎಲ್ಲ ಕಾಣುತ್ತಿತ್ತು, ಒಂದು ಅಕ್ಷರ ಹೊರಡುತ್ತಿರಲಿಲ್ಲ. ಡಾಕ್ಟರು ಬಂದು ಹಣೆ ಮುಟ್ಟಿ, ಇಂಗ್ಲಿಷಿನಲ್ಲಿ ನರ್ಸಿಗೆ ಎಂತದೋ ಹೇಳಿ, ನಗುತ್ತಾ ಆಪರೇಷನ್ ಕೋಣೆಗೆ ಹೋದರು. ಅವರು ಹೇಳಿದ್ದು ಎಂತ ಎಂದು ನಮಗೆ ಯಾರೂ ತಿಳಿಸಲಿಲ್ಲ. ಆಗ ಅದು ವಾಡಿಕೆಯೂ ಅಲ್ಲ.

ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ಅತ್ತೆ ಮಗುವಿನ ಬಟ್ಟೆ ಒಗೆಯಲು ಬಾವಿಕಟ್ಟೆಗೆ ಹೋಗಿದ್ದರು. ನನ್ನವರು ಕಾಫಿ ತರಲು ಹೋಗಿದ್ದರು. ಆಗ ಚನಿಯಾರು ಅತ್ತ ಇತ್ತ ನೋಡಿ, ಓಡಿಕೊಂಡ ಹಾಗೆ ಬಂದು ನನ್ನ ತಲೆಯ ಹತ್ತಿರ ಬಗ್ಗಿದಳು. ಹಣೆಯ ಮೇಲೆ ಕೈ ಇಟ್ಟಳು. "ಅಮ್ಮಾ, ನರ್ಸಮ್ಮ ಆಯಾನ ಹತ್ತಿರ ಹೇಳುದು ನಾನು ಕೇಳಿದೆ. ಜ್ವರ ಬಿಟ್ಟಿತಂತೆ. ಇನ್ನು ಭಯ ಇಲ್ಲಂತೆ. ನೀವು ಬದುಕಿದಿರಿ! ನಾಳೆಯವರೆಗೆ ಕಾಯಲಿಕ್ಕೆ ನನಗೆ ಆಗಲಿಲ್ಲ, ಹೇಳಿಹೋಗುವ ಅಂತ ಬಂದೆ" ಎಂದು ಕಿವಿಯಲ್ಲಿ ಹೇಳಿದಳು. ನನಗೆ ಆದ ಸಂತೋಷ ಹೇಗೆ ಹೇಳಲಿ? ಕಣ್ಣಿಂದ ನೀರು ಇಳಿಯಿತು. ಅವಳ ಕಣ್ಣಿಂದಲೂ ಇಳಿಯಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ದೊಡ್ಡ ಮಾವ ಬಂದು ನಿಂತರು.

ದೊಡ್ಡ ಮಾವ ಎಂದರೆ ನನ್ನ ಮಾವನ ಅಣ್ಣ, ಮನೆಯ ಯಜಮಾನರು. ಅವರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಇನ್ನೊಂದು ಮಾತು ಇರಲಿಲ್ಲ. ನನ್ನನ್ನು ನೋಡಿ ಹೋಗಲು ಆ ದಿನವೇ ಊರಿನಿಂದ ಬಂದಿದ್ದರು. ಅವರು ಕಂಡದ್ದೇನು? ಬೂದಿ ಸೀರೆಯವಳು ನನ್ನ ತಲೆಯ ಬದಿಯಲ್ಲಿ ಬಗ್ಗಿ ಹಣೆ ಮುಟ್ಟಿ ಅಳುತ್ತಿರುವುದು. "ಏ! ನೀನು ಯಾಕೆ ಇಲ್ಲಿ?" ಎಂದರು. ಚನಿಯಾರು ಹೆದರಿ, ಏನೂ ಹೇಳದೆ ಓಡಿಹೋದಳು. ಅಪ್ಪಣೆ ಮೀರಿ ಬಂದವಳು ಇನ್ನೇನು ಮಾಡಿಯಾಳು? ದೊಡ್ಡ ಮಾವ ನನ್ನ ಪಾದ ಮುಟ್ಟಿ ನೋಡಿದರು. ಹಿಮದ ಹಾಗೆ ತಣ್ಣಗೆ. ಎದುರು ಹಾಸಿಗೆಯ ಒಬ್ಬಳು ಅಜ್ಜಿ, ಕೇಳದಿದ್ದರೂ ಹೇಳಿದಳು: "ಬೂದಿ ಬಂದು ಮುಟ್ಟಿ ಹೋಯಿತು ಮಾರಾಯ್ರೆ. ಇನ್ನು ಎಂತ ನೋಡುದು?"

ಇಲ್ಲಿ ಒಂದು ವಿಷಯ ಹೇಳಬೇಕು. ಆಗ ನಮ್ಮ ಕಡೆ ಬಾಡಿಗೆ ಕಾರಿನವರು ಹೆಣ ಹಾಕುತ್ತಿರಲಿಲ್ಲ. ಹೆಣ ಹೋದ ಕಾರಿಗೆ ಆಮೇಲೆ ಮದುವೆಯ ಬಾಡಿಗೆ ಸಿಗದು. ಕಡವಿನ ದೋಣಿಯವನಂತೂ ಸುತರಾಂ ಹೆಣ ದಾಟಿಸುತ್ತಿರಲಿಲ್ಲ. ಹೊರಗೆ ಸತ್ತವರನ್ನು ಹೊರಗೇ ಸುಡಬೇಕು. ಬಾಣಂತಿ ಹಾಗೆ ಹೊರಗೆ ಸತ್ತರೆ ಮನೆಯ ತೀರಿಹೋದ ಹಿರಿಯರ ಜೊತೆ ಅವಳನ್ನು ಸೇರಿಸಲಾಗದು, ಅಲೆಯುತ್ತಾಳೆ ಎಂದು ನಂಬಿಕೆ. ಅದಕ್ಕೇ ಆಸೆ ಇಲ್ಲ ಎಂದು ಕಂಡರೆ, ಉಸಿರು ಇರುವಾಗಲೇ ಹೊತ್ತುಕೊಂಡು ಮನೆ ಸೇರಿಸುವುದು. ದೊಡ್ಡ ಮಾವನ ತಂಗಿ ಒಬ್ಬರು ಹಿಂದೆ ಮಂಗಳೂರಿನಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡು, ಯಾರ ಯಾರದೋ ಕೈಯಲ್ಲಿ ಅಲ್ಲೇ ಮಣ್ಣಾಗಿದ್ದರು. ಆ ಸಂಕಟ ಅವರನ್ನು ತಿನ್ನುತ್ತಿತ್ತು. ಇನ್ನೊಂದು ಹೆಣ್ಣನ್ನು ಹಾಗೆ ಬಿಡಬಾರದು ಎಂದು ಹಟ ಹಿಡಿದಿದ್ದರು.

ಅತ್ತೆ, ನನ್ನವರು ಬಂದರು. "ಬೂದಿಯವಳು ಬಂದಾಯ್ತು. ಕೈಕಾಲು ತಣ್ಣಗಾಗಿದೆ, ಮಾತು ನಿಂತಿದೆ. ಹೊಳೆ ಏರುವ ಮೊದಲು ಹೊರಡುವ" ಎಂದರು ದೊಡ್ಡ ಮಾವ. ಅತ್ತೆ ಅಲ್ಲೇ ಕುಸಿದರು. ನನ್ನವರು ಕಾಫಿಯ ತಂಬಿಗೆ ಹಿಡಿದುಕೊಂಡೇ ನಿಂತಿದ್ದರು. ನಾನು ಅವರ ಮುಖವನ್ನೇ ನೋಡಿದೆ. ಒಂದು ಮಾತು ಹೇಳಿ, ಒಂದು ಬಾರಿ ಆದರೂ ಡಾಕ್ಟರನ್ನು ಕೇಳುವ ಎನ್ನಿ ಎಂದು ಕಣ್ಣಲ್ಲೇ ಬೇಡಿದೆ. ಅವರು ನೆಲ ನೋಡಿದರು. ಇಡೀ ಊರಿಗೆ ಕೇಳುವ ನನ್ನ ಸ್ವರ ಬೇಕಾದ ಒಂದು ದಿನ ನನಗೆ ಸಿಗಲಿಲ್ಲ ನೋಡಿ.

ಬಿಳಿ ಸೀರೆಯ ನರ್ಸ್ ಓಡಿ ಬಂದಳು. ಮಲಯಾಳಿ ಹುಡುಗಿ, ಅರೆಬರೆ ಕನ್ನಡ. "ಕೊಂಡುಹೋಗಬೇಡಿ, ಜ್ವರ ಕಮ್ಮಿ ಉಂಟು, ಡಾಕ್ಟರು ಆಪರೇಷನ್ ಮುಗಿಸಿ ಬರಲಿ" ಎಂದು ಬಾಗಿಲಿಗೆ ಅಡ್ಡ ನಿಂತಳು. ದೊಡ್ಡ ಮಾವ ಬೈಯಲಿಲ್ಲ, ಕೈಮುಗಿದರು. "ತಂಗೀ, ನೀವು ಸಮಾಧಾನಕ್ಕೆ ಹೇಳುದು ಅಂತ ನಮಗೆ ಗೊತ್ತುಂಟು. ಕಡೇ ಉಸಿರಿನವರೆಗೂ ಹೀಗೇ ಹೇಳುದು. ನಮ್ಮ ಹೆಣ್ಣನ್ನು ನಮಗೆ ಬಿಡಿ." ಅವಳು ಬಾಯಲ್ಲಿ ಹೇಳಿದ್ದನ್ನು ಯಾರೂ ನಂಬಲಿಲ್ಲ, ಸೀರೆಯ ಬಣ್ಣ ಹೇಳಿದ್ದನ್ನು ಎಲ್ಲರೂ ನಂಬಿದರು.

ಬೀಫಾತುಮ್ಮ ಹಾಸಿಗೆಯಲ್ಲಿ ಎದ್ದು ಕುಳಿತಿದ್ದರು. ನನ್ನ ಮಗು ಅವರ ಎದೆಯಲ್ಲಿತ್ತು. "ಅಮ್ಮನನ್ನು ಕೊಂಡುಹೋಗಿ. ಕೂಸನ್ನು ಇಲ್ಲಿ ಬಿಡಿ, ನಾನು ಕುಡಿಸ್ತೇನೆ. ಈ ಮಳೆಗೆ ಇದನ್ನು ಯಾಕೆ ಹೊರಗೆ ತರುದು? ಎಲ್ಲ ಮುಗಿದ ಮೇಲೆ ಬಂದು ಕೊಂಡುಹೋಗಿ" ಎಂದರು. ಅತ್ತೆಗೆ ಮನಸ್ಸಿತ್ತು. ದೊಡ್ಡ ಮಾವ ತಲೆಯಾಡಿಸಿದರು. "ತಾಯಿ ಹೋಗುವಾಗ ಮಗು ಹತ್ತಿರ ಇರಬೇಕು. ನಮ್ಮ ಮನೆಯ ಸಂತಾನವನ್ನು ಹಾಗೆ ಬಿಟ್ಟುಹೋಗುವುದುಂಟಾ?" ಹಾಲು ಕುಡಿಯುತ್ತಿದ್ದ ಮಗುವನ್ನು ಅತ್ತೆ ಬಿಡಿಸಿ ತೆಗೆದುಕೊಂಡರು. ಅದು ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಬಾಡಿಗೆ ಕಾರು ಅದ್ರಾಮ ಎಂಬವನದು. "ಜೀವ ಉಂಟಲ್ಲ? ದಾರಿಯಲ್ಲಿ ಎಂತಾದರೂ ಆದರೆ ನಾನು ಅಲ್ಲೇ ಇಳಿಸುದು, ಮೊದಲೇ ಹೇಳಿದೆ" ಎಂದ. ನನ್ನನ್ನು ಹಿಂದಿನ ಸೀಟಿನಲ್ಲಿ ಅತ್ತೆಯ ಮಡಿಲಲ್ಲಿ ಮಲಗಿಸಿದರು. ಕಾರು ಗೇಟು ದಾಟುವಾಗ ಹಿಂದಿನಿಂದ ಕೂಗು ಕೇಳಿತು. "ಉಂತ್ಲೆ! ಉಂತ್ಲೆ!" ನಿಲ್ಲಿಸಿ, ನಿಲ್ಲಿಸಿ ಎಂದು ಚನಿಯಾರು ಮಳೆಯಲ್ಲಿ ಓಡಿ ಬರುತ್ತಿದ್ದಳು. ತುರುಬು ಬಿಚ್ಚಿಹೋಗಿತ್ತು, ಬೂದಿ ಸೀರೆ ಒದ್ದೆಯಾಗಿ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಅದ್ರಾಮ ಕನ್ನಡಿಯಲ್ಲಿ ನೋಡಿದವನೇ "ಯಾ ಅಲ್ಲಾ, ಅದು ಹಿಂದೆಯೇ ಬರ್ತದಲ್ಲ" ಎಂದು ಕಾರನ್ನು ಜೋರು ಬಿಟ್ಟ. ಅತ್ತೆ ನನ್ನ ಕಣ್ಣಿಗೆ ಸೆರಗು ಮುಚ್ಚಿದರು. ಅವಳು ಓಡಿದಷ್ಟೂ ಕಾರು ಓಡಿತು. ನಾನು ಬದುಕುತ್ತೇನೆ ಎಂದು ಹೇಳಲು ಬರುತ್ತಿದ್ದವಳನ್ನು ಕಂಡು ನನ್ನ ಮನೆಯವರೆಲ್ಲ ದೇವರ ಹೆಸರು ಹೇಳುತ್ತಿದ್ದರು.

ಉಪ್ಪಿನಂಗಡಿ ಸುತ್ತಿ ಹೋಗುವ ದಾರಿಯಲ್ಲಿ ನೆರೆ ನೀರು ನಿಂತಿದೆ ಎಂದು ಅದ್ರಾಮ ಹೇಳಿದ. ಹಾಗಾಗಿ ಬಂದ ದಾರಿಯಲ್ಲೇ ಕಡವಿಗೆ ಹೋದೆವು. ಮಧ್ಯಾಹ್ನವಾಗಿತ್ತು. ಕುಮಾರಧಾರೆ ಕೆಂಪು ನೀರು ತುಂಬಿ, ಮರ ಮಟ್ಟು ಎಳೆದುಕೊಂಡು ಹೋಗುತ್ತಿತ್ತು. ದೋಣಿಯನ್ನು ಮೇಲೆ ಎಳೆದು ಕಟ್ಟಿದ್ದರು. "ಈಗ ಇಳಿಸಲಿಕ್ಕಿಲ್ಲ. ಸ್ವಲ್ಪ ತಗ್ಗಲಿ" ಎಂದ ದೋಣಿಯವನು. ಅದ್ರಾಮ ನಮ್ಮನ್ನು ಇಳಿಸಿ ಕಾರು ತಿರುಗಿಸಿಕೊಂಡು ಹೋದ. ದಡದಲ್ಲಿ ತೆಂಗಿನ ಮಡಲು ಹೊದೆಸಿದ ಒಂದು ಕೊಟ್ಟಿಗೆ, ಮೂರು ಬದಿಗೂ ಗೋಡೆ ಇಲ್ಲ. ಇರಚಲು ಒಳಗೇ ಬಡಿಯುತ್ತಿತ್ತು. ಅಲ್ಲಿ ಹಲಗೆಯ ಮೇಲೆ ನನ್ನನ್ನು ಮಲಗಿಸಿ ಎಲ್ಲರೂ ಸುತ್ತ ಕುಳಿತರು. ನಾನು ಸಾಯುವುದಕ್ಕೆ ಮೊದಲು ನೀರು ಇಳಿಯಬೇಕು, ಅದೊಂದೇ ಅವರ ಪ್ರಾರ್ಥನೆ.

ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ದೊಡ್ಡ ಮಾವ ನನ್ನ ಮೂಗಿನ ಹತ್ತಿರ ಆಗಾಗ ಬೆರಳು ಹಿಡಿದು ನೋಡುತ್ತಿದ್ದರು. ಇದ್ದ ಒಂದು ಕಂಬಳಿ ನನಗೆ ಹೊದೆಸಿದ್ದರು. ಮಗು ಅತ್ತೆಯ ಮಡಿಲಲ್ಲಿ, ಒದ್ದೆ ಸೆರಗಿನ ಒಳಗೆ. ಮೊದಮೊದಲು ಅತ್ತಿತು. ಹೊಟ್ಟೆಗಿಲ್ಲದೆ ಅತ್ತಿತು. ಹಾಲಿಗೆ ಎಲ್ಲಿ ಹೋಗುವುದು? ನನ್ನವರು ಹತ್ತಿರದ ಮನೆ ಹುಡುಕಿಕೊಂಡು ಹೋಗಿ ಸ್ವಲ್ಪ ದನದ ಹಾಲು ತಂದರು. ಬಟ್ಟೆಯ ಚುಂಗಿನಲ್ಲಿ ಅದ್ದಿ ಇಟ್ಟರೆ ಮಗು ಚೀಪಲಿಲ್ಲ. ಆಮೇಲೆ ಅಳು ಸಣ್ಣದಾಯಿತು. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದೊಂದು ಸ್ವರ. "ಅಬ್ಬ, ನಿದ್ದೆ ಬಂತು" ಎಂದರು ಅತ್ತೆ. ಅವರು ನೋಡುತ್ತಿದ್ದದ್ದು ನನ್ನನ್ನು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಮಗುವನ್ನು ನೋಡುತ್ತಿದ್ದದ್ದು ನಾನು ಒಬ್ಬಳೇ. ಅತ್ತೆಯ ಸೆರಗಿನಿಂದ ಅದರ ಒಂದು ಕಾಲು ಹೊರಗೆ ಬಂದಿತ್ತು. ಆ ಕಾಲು ನೀಲಿಯಾಗುತ್ತಾ ಬಂತು. ಆಡುತ್ತಿದ್ದ ಬೆರಳುಗಳು ಆಡುವುದು ನಿಂತಿತು. ನನಗೆ ಎಲ್ಲಿಂದ ಶಕ್ತಿ ಬಂತೋ, ಕೈ ಎತ್ತಿ ಅತ್ತ ತೋರಿಸಿದೆ. ಬಾಯಿ ತೆರೆದೆ. "ಮಗು" ಎನ್ನಲು ಬಾಯಿ ತೆರೆದದ್ದು ನಾನು. "ಹೋಯಿತು, ಹೋಯಿತು, ಜೀವ ಹೋಗುದು!" ಎಂದು ದೊಡ್ಡ ಮಾವ ಕೂಗಿದರು. ಎಲ್ಲರೂ ಒಟ್ಟಿಗೆ ನಾರಾಯಣ ನಾರಾಯಣ ಎಂದರು. ನನ್ನ ತೆರೆದ ಬಾಯಿಗೆ ತುಳಸಿ ನೀರು ಹೊಯ್ದರು. ನಾನು ಕೆಮ್ಮಿ, ಉಗುಳಿ, ಮತ್ತೆ ಬಾಯಿ ತೆರೆದೆ. ಮತ್ತೆ ಹೊಯ್ದರು. ಅಯ್ಯೋ ದೇವರೇ, ಅಂಥ ಸಂಕಟ ಶತ್ರುವಿಗೂ ಬೇಡ.

ಸಂಜೆಯ ಹೊತ್ತಿಗೆ ನೀರು ಸ್ವಲ್ಪ ತಗ್ಗಿತು. ದೋಣಿಯವನು ಬಂದು, ಒಪ್ಪಿಕೊಳ್ಳುವ ಮೊದಲು ನನ್ನ ಕೈ ಹಿಡಿದು ನಾಡಿ ನೋಡಿದ. "ಇವರಿಗೆ ಎಂತದೂ ಆಗುವ ಹಾಗೆ ಕಾಣುದಿಲ್ಲ" ಎಂದ. ಆಮೇಲೆ ಅತ್ತೆಯ ಮಡಿಲಿನ ಕಡೆ ನೋಡಿದ. ಸೆರಗು ಸರಿಸಿದ. ಮೆಲ್ಲಗೆ ಮತ್ತೆ ಮುಚ್ಚಿದ. "ಅಮ್ಮನನ್ನು ದಾಟಿಸ್ತೇನೆ. ಕೂಸನ್ನು ದಾಟಿಸಲಿಕ್ಕೆ ಆಗುದಿಲ್ಲ. ಅದು ಹೋಗಿ ಹೊತ್ತಾಯಿತು."

ಅತ್ತೆಯ ಬೊಬ್ಬೆ ಹೊಳೆಯ ಆಚೆಗೂ ಕೇಳಿರಬೇಕು. ಆ ಸೀರೆಯನ್ನು ಅವರು ಆಮೇಲೆ ಯಾವತ್ತೂ ಉಡಲಿಲ್ಲ. ದೊಡ್ಡ ಮಾವ ಎರಡು ಕೈಯಲ್ಲಿ ತಲೆ ಹಿಡಿದು ಕೆಸರಿನಲ್ಲೇ ಕುಳಿತುಬಿಟ್ಟರು. ದೋಣಿಯವನೇ ಎಲ್ಲಿಂದಲೋ ಹಾರೆ ತಂದ. ನನ್ನವರು, ಅವನು ಸೇರಿ ಕೊಟ್ಟಿಗೆಯ ಹಿಂದೆ ಎತ್ತರದ ಜಾಗದಲ್ಲಿ ಗುಂಡಿ ತೋಡಿದರು. ಕತ್ತಲೆಯಾದರೆ ದೋಣಿ ಬಿಡಲಾಗದು ಎಂದು ಅವಸರ. ಹಾರೆಯ ಸದ್ದು ಮಲಗಿದಲ್ಲಿಗೆ ಕೇಳುತ್ತಿತ್ತು. ಆಮೇಲೆ ನನ್ನನ್ನು ಎತ್ತಿ ದೋಣಿಯಲ್ಲಿ ಮಲಗಿಸಿದರು, ಮಗು ಆ ಬದಿಯಲ್ಲಿ ಉಳಿಯಿತು.

ಮನೆಯಲ್ಲಿ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿಸಿದರು. ಸಾಯುವುದಕ್ಕೆ ಎಲ್ಲ ಸೌಕರ್ಯ ಮಾಡಿಕೊಟ್ಟಿದ್ದರು, ನಾನೇ ಸಾಯಲಿಲ್ಲ. ಮಾರನೆಯ ದಿನ ಗಂಜಿ ಕುಡಿದೆ. ಕಡಬದಿಂದ ಒಬ್ಬ ಡಾಕ್ಟರನ್ನು ಕರೆಸಿ ಉಳಿದ ಇಂಜೆಕ್ಷನ್ ಕೊಡಿಸಿದರು. ಜ್ವರ ಮತ್ತೆ ಬರಲೇ ಇಲ್ಲ. ಚನಿಯಾರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಸ್ವರ ಬಂದ ಮೇಲೆ ನಾನು ಮನೆಯಲ್ಲಿ ಯಾರನ್ನೂ ಬಿಡಲಿಲ್ಲ. ದೊಡ್ಡ ಮಾವನ ಎದುರು ನಿಂತು ಮಾತಾಡಿದ ಮೊದಲ ಸೊಸೆ ನಾನೇ ಇರಬೇಕು. "ನಿನ್ನನ್ನು ಹೊರಗೆ ಬಿಡಬಾರದು ಅಂತ ಮಾಡಿದ್ದು ಮಗಳೇ" ಎಂದರು ಅವರು. "ನನ್ನನ್ನು ತಂದಿರಿ. ಅವಳನ್ನು ಬಿಟ್ಟಿರಿ" ಎಂದೆ. ಅವರು ಎದ್ದು ಅಂಗಳಕ್ಕೆ ಹೋದರು. ಅವರು ಬದುಕಿದ್ದಷ್ಟು ದಿನವೂ ನನ್ನ ಕೈಯ ನೀರು ತೆಗೆದುಕೊಳ್ಳುವಾಗ ತಲೆ ಎತ್ತಲಿಲ್ಲ. ಅವರು ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಎಂದು ನನಗೆ ಗೊತ್ತು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚು. ಕೆಟ್ಟವರಾಗಿದ್ದರೆ ಶಾಪ ಹಾಕಿ ಮುಗಿಸಬಹುದಿತ್ತು. ನನ್ನವರನ್ನಂತೂ ಬೈಯಲೂ ಮನಸ್ಸಾಗಲಿಲ್ಲ. ಹಾರೆ ಹಿಡಿದ ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆಮೇಲೆ ನಮಗೆ ಮೂವರು ಮಕ್ಕಳಾದರು. ಆದರೂ ಆ ದಿನದ ಬಗ್ಗೆ ನಾವಿಬ್ಬರೂ ಕೂತು ಮಾತಾಡಿದ್ದು ಎಂದೂ ಇಲ್ಲ.

ದೀಪಾವಳಿ ಕಳೆದು ಮಳೆ ಬಿಟ್ಟ ಮೇಲೆ, ಒಮ್ಮೆ ಆಸ್ಪತ್ರೆಗೆ ತೋರಿಸಿ ಬರಬೇಕು ಎಂದು ಹಟ ಮಾಡಿ ಪುತ್ತೂರಿಗೆ ಹೋದೆ. ತೋರಿಸುವುದು ಒಂದು ನೆಪ. ಅಲ್ಲಿ ಬೂದಿ ಸೀರೆ ಒಂದೂ ಕಾಣಲಿಲ್ಲ. ನಾವು ಮಾತ್ರ ಅಲ್ಲ, ಬೂದಿ ಬಣ್ಣಕ್ಕೆ ಹೆದರಿ ಬೇರೆಯವರೂ ರೋಗಿಗಳನ್ನು ಎತ್ತಿಕೊಂಡು ಹೋಗಿದ್ದರಂತೆ. ಹಾಗಾಗಿ ಡಾಕ್ಟರು ಗುಡಿಸುವವರಿಗೆ ಹಸಿರು ಸೀರೆ ಕೊಟ್ಟಿದ್ದರು. ಹಸಿರಿಗೆ ಹೆದರಲು ಕಲಿಯುವುದಕ್ಕೆ ನಮ್ಮ ಜನರಿಗೆ ಹೆಚ್ಚು ಸಮಯವೇನೂ ಬೇಕಾಗಿರಲಿಲ್ಲ. ವಾರ್ಡಿನ ಬಾಗಿಲಲ್ಲಿ ಹಸಿರು ಸೀರೆಯ ಒಬ್ಬಳು ಸ್ಟ್ರೆಚರು ಹಿಡಿದು ನಿಂತದ್ದನ್ನು ಕಂಡೆ. ಒಳಗೆ ಎಲ್ಲರೂ ಮಾತು ನಿಲ್ಲಿಸಿ ನೋಡುತ್ತಿದ್ದರು.

ಚನಿಯಾರು ಹಿಂದಿನ ಒಗೆಯುವ ಕಲ್ಲಿನ ಹತ್ತಿರ ಸಿಕ್ಕಿದಳು. ನನ್ನನ್ನು ನೋಡಿ ಮೊದಲು ನಂಬಲಿಲ್ಲ. ಆಮೇಲೆ ಬಾಯಿಗೆ ಕೈ ಇಟ್ಟು ನಕ್ಕಳು, ಅತ್ತಳು. ಆ ದಿನ ಗಂಟೆ ಹೊಡೆದ ಮೇಲೆ ಒಳಗೆ ಬಂದದ್ದಕ್ಕೆ, ಕಾರಿನ ಹಿಂದೆ ರಸ್ತೆಯಲ್ಲಿ ಓಡಿದ್ದಕ್ಕೆ ಅವಳಿಗೆ ಬೈಗಳ ಸಿಕ್ಕಿ, ವಾರ್ಡಿನ ಕೆಲಸವೇ ತಪ್ಪಿತ್ತು. ಈಗ ಬಟ್ಟೆ ಒಗೆಯುವುದು, ಹಿಂದಿನ ಕೋಣೆಯ ಹೆಣ ತೊಳೆಯುವುದು, ಅಷ್ಟೇ. ಅದನ್ನೆಲ್ಲ ಅವಳು ದೂರಿನ ಹಾಗೆ ಹೇಳಲಿಲ್ಲ. "ಕೂಸು ಎಲ್ಲಿ? ತರಲಿಲ್ಲವಾ?" ಎಂದು ನನ್ನ ಹಿಂದೆ ಮುಂದೆ ನೋಡಿದಳು.

ಹೇಳಿದೆ. ಎಲ್ಲ ಹೇಳಿದೆ. ಮನೆಯಲ್ಲಿ ಯಾರ ಹತ್ತಿರವೂ ಹೇಳದ ಆ ಕಾಲಿನ ವಿಷಯವನ್ನೂ ಹೇಳಿದೆ. ಅವಳು ಒಗೆಯುವ ಕಲ್ಲಿನ ಮೇಲೆ ಕುಳಿತು ಕೇಳಿದಳು. ಅಯ್ಯೋ ಎನ್ನಲಿಲ್ಲ, ತಾನು ಆ ದಿನ ಒಳಗೆ ಬಾರದಿದ್ದರೆ ಹೀಗಾಗುತ್ತಿರಲಿಲ್ಲ ಎಂದೂ ಹೇಳಲಿಲ್ಲ. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಮಣ್ಣು ಮಾಡುವ ಮೊದಲು ಅದನ್ನು ಮೀಯಿಸಿದ್ದು ಯಾರು ಅಮ್ಮಾ?"

ಯಾರೂ ಮೀಯಿಸಿರಲಿಲ್ಲ. ಯಾರಿಗೂ ನೆನಪಾಗಿರಲಿಲ್ಲ, ನನಗೂ ಆ ಕ್ಷಣದವರೆಗೆ ಹೊಳೆದಿರಲಿಲ್ಲ. "ಮಳೆ ಬರ್ತಿತ್ತು" ಎಂದೆ.

"ನನ್ನ ಕೈಯಲ್ಲಾದರೆ" ಎಂದಳು ಚನಿಯಾರು, "ಬೆಚ್ಚಗಿನ ನೀರಿನಲ್ಲಿ ಮೀಯಿಸ್ತಿದ್ದೆ. ಸಣ್ಣ ಮಕ್ಕಳಿಗೆ ನಾನು ತಣ್ಣೀರು ಹಾಕುದಿಲ್ಲ."

ನನಗೀಗ ಎಂಬತ್ತು ದಾಟಿದೆ. ಮೊಮ್ಮಕ್ಕಳನ್ನೂ ಮೀಯಿಸಿದ್ದೇನೆ. ಹಂಡೆಯ ನೀರಿಗೆ ಕೈ ಅದ್ದಿ ಬಿಸಿ ಸಾಕಾ ಎಂದು ನೋಡುವಾಗಲೆಲ್ಲ ನನ್ನ ಕೈ ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ.